ಡಬ್ಬಿ ಒಂದೇ, ಊಟ ಬೇರೆ

ಮುಂಬೈನಲ್ಲಿರುವ ಕನ್ನಡಿಗರಿಗೆ ಡಬ್ಬಾವಾಲಾಗಳನ್ನು ಪರಿಚಯಿಸಬೇಕಿಲ್ಲ. ಒಳಗೆ ಚಪಾತಿಯೋ ಅನ್ನವೋ ಎಂದು ಅವರು ನೋಡುವುದಿಲ್ಲ. ಮುಚ್ಚಳದ ಗುರುತು ಓದಿ ತಲುಪಿಸುತ್ತಾರೆ. ಟಿವಿ ವಾಹಿನಿಗಳಿಗೆ ಸಾಫ್ಟ್‌ವೇರ್ ಬರೆಯುವ ನನ್ನ ಕೆಲಸವೂ ಅಂಥದ್ದೇ ಒಂದು ಡಬ್ಬಿಯ ಜೊತೆ. ಅದರ ಹೆಸರು ‘ಎಂಎಕ್ಸ್‌ಎಫ್’.

ಟೇಪಿನ ಕಾಲದಲ್ಲಿ ಬೀಟಾಕ್ಯಾಮ್ ಕ್ಯಾಸೆಟ್ ಬಂದರೆ, ತಕ್ಕ ಯಂತ್ರಕ್ಕೆ ಹಾಕಿದರಾಯಿತು. ತೊಂಬತ್ತರ ದಶಕದಲ್ಲಿ ವಿಡಿಯೊ ಸರ್ವರ್‌ಗಳು ಬಂದಾಗ ಒಂದು ಕಂಪನಿಯ ಫೈಲನ್ನು ಇನ್ನೊಂದರ ಯಂತ್ರ ಓದದಾಯಿತು. ಯುರೋಪಿನ ಪ್ರಸಾರಕರ ಒಕ್ಕೂಟ ಇಬಿಯು ಮತ್ತು ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಎಸ್‌ಎಂಪಿಟಿಇ ಜಂಟಿಯಾಗಿ 1998ರಲ್ಲಿ ದಾರಿ ತೋರುವ ವರದಿ ಕೊಟ್ಟವು. ಮುಂದೆ ಪ್ರೊ-ಎಂಪೆಗ್ ಫೋರಂ ಮತ್ತಿತರರ ದುಡಿಮೆಯಿಂದ, 2004ರಲ್ಲಿ ಎಂಎಕ್ಸ್‌ಎಫ್ ಎಸ್‌ಎಂಪಿಟಿಇ ಮಾನದಂಡವಾಯಿತು.

ಅದರ ಉಪಾಯ ಸರಳ. ಫೈಲಿನ ಪ್ರತಿ ತುಂಡಿಗೂ ಮೊದಲು 16 ಬೈಟ್‌ಗಳ ಗುರುತು, ನಂತರ ಉದ್ದ, ಆಮೇಲೆ ಸರಕು. ಗುರುತು ಗೊತ್ತಿಲ್ಲವೇ? ಉದ್ದ ನೋಡಿ ದಾಟಿಕೊಂಡು ಹೋಗಬಹುದು. ಹಾಗಾಗಿ ಹಳೆಯ ಯಂತ್ರವೂ ಹೊಸ ಫೈಲಿನ ಮುಂದೆ ಕಂಗಾಲಾಗಬೇಕಿಲ್ಲ.

ಆದರೆ ಎಲ್ಲರನ್ನೂ ಒಪ್ಪಿಸಲು ಮಾನದಂಡ ತುಂಬ ಉದಾರವಾಯಿತು. ಯಾವ ಕೋಡೆಕ್ ಆದರೂ ಸೈ. ಸೋನಿಯ ಎಕ್ಸ್‌ಡಿಕ್ಯಾಮ್‌ನಲ್ಲಿ ಚಿತ್ರ, ಧ್ವನಿ ಒಂದೇ ಫೈಲಿನಲ್ಲಿ. ಪ್ಯಾನಸೋನಿಕ್‌ನ ಪಿ2 ಕಾರ್ಡಿನಲ್ಲಿ ಬೇರೆ ಬೇರೆ ಫೈಲುಗಳಲ್ಲಿ. ಎರಡೂ ಎಂಎಕ್ಸ್‌ಎಫ್ಫೇ! ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದಂತೆ. ನಾವಾದರೆ ಹೊಂದಿಕೊಳ್ಳುತ್ತೇವೆ, ಯಂತ್ರ ಹೊಂದಿಕೊಳ್ಳುವುದಿಲ್ಲ.

ಒಮ್ಮೆ ಧಾರಾವಾಹಿಯ ಕಂತೊಂದು ಪ್ರಸಾರಕ್ಕೆ ಎರಡು ಗಂಟೆ ಇರುವಾಗ ಬಂತು. ಚಿತ್ರವಿದೆ, ಮಾತೇ ಇಲ್ಲ. ಎಡ-ಬಲದ ಧ್ವನಿ ಒಂದೇ ಟ್ರ್ಯಾಕಿನಲ್ಲಿತ್ತು. ಸರ್ವರ್ ಎರಡು ಟ್ರ್ಯಾಕ್ ಕೇಳುತ್ತಿತ್ತು. ನಿಯಮದ ಪ್ರಕಾರ ಫೈಲಿನದೂ ತಪ್ಪಿಲ್ಲ, ಸರ್ವರಿನದೂ ತಪ್ಪಿಲ್ಲ. ಧ್ವನಿ ಬಿಡಿಸಿ, ಮತ್ತೆ ಪ್ಯಾಕ್ ಮಾಡಿ ಒಪ್ಪಿಸಿದಾಗ ಹತ್ತು ನಿಮಿಷ ಉಳಿದಿತ್ತು.

ಬ್ರಿಟನ್‌ನವರು ಇದಕ್ಕೆ ಮದ್ದು ಕಂಡುಕೊಂಡರು. ಬಿಬಿಸಿ, ಐಟಿವಿ, ಚಾನೆಲ್ 4 ಪೈಪೋಟಿ ಬದಿಗಿಟ್ಟು, ‘ಎಎಸ್-11’ ಎಂಬ ಬಿಗಿಯಾದ ಎಂಎಕ್ಸ್‌ಎಫ್ ರೂಪವನ್ನು ಒಪ್ಪಿಕೊಂಡವು. ಕೋಡೆಕ್, ಧ್ವನಿಯ ಕ್ರಮ, ಕಾರ್ಯಕ್ರಮದ ವಿವರ ಎಲ್ಲವೂ ನಿಗದಿ. 2014ರ ಅಕ್ಟೋಬರ್ 1ರಿಂದ ಟೇಪಿನ ಬದಲು ಫೈಲನ್ನೇ ಕೇಳತೊಡಗಿದವು.

ನಾನು ಕೆಲಸ ಮಾಡಿದ ವಾಹಿನಿಗಳಲ್ಲಿ ಮಾತ್ರ ಒಂದೊಂದಕ್ಕೂ ಒಂದೊಂದು ಪಟ್ಟಿ. ದೊಡ್ಡ ಸಂಸ್ಥೆಗಳಿಗೆ ಎಂಜಿನಿಯರುಗಳಿದ್ದಾರೆ. ಸಾಲ ಮಾಡಿ ಸಾಕ್ಷ್ಯಚಿತ್ರ ತೆಗೆದವರಿಗೆ ಫೈಲು ತಿರಸ್ಕಾರವಾದರೆ ಎಡಿಟಿಂಗ್ ಸ್ಟುಡಿಯೊದ ಬಾಡಿಗೆ ಮತ್ತೊಮ್ಮೆ. ಪುಣೆ, ಹೈದರಾಬಾದಿನಲ್ಲಿ ಕುಳಿತು ಕನ್ನಡಕ್ಕೆ ಕಾರ್ಯಕ್ರಮ ಮಾಡುವ ಗೆಳೆಯರಿಗೆ ನನ್ನದೊಂದು ಮಾತು: ‘ಎಂಎಕ್ಸ್‌ಎಫ್ ಕಳಿಸಿ’ ಎಂದರೆ ತಲೆಯಾಡಿಸಬೇಡಿ. ಯಾವ ಕೋಡೆಕ್, ಎಷ್ಟು ಟ್ರ್ಯಾಕ್, ಒಂದೇ ಫೈಲೋ ಹಲವೋ ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ.