ಮದುವೆಯ ದಿನ ಮಳೆ ಬಂದರೆ?



ತಪಸ್ಸುಕಾಲ ಮುಗಿದು ಪಾಸ್ಖ ಹಬ್ಬದ ಅಲ್ಲೆಲೂಯ ದೇವಾಲಯಗಳಲ್ಲಿ ಮೊಳಗಿತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗಳ ಸಾಲು ಆರಂಭವಾಗುತ್ತದೆ. ಭಾನುವಾರದ ಪೂಜೆಯ ಕೊನೆಯಲ್ಲಿ ಗುರುಗಳು ವಿವಾಹ ಪ್ರಕಟಣೆಗಳನ್ನು ಓದುತ್ತಾರೆ. ಮನೆಗಳಲ್ಲಿ ಶಾಮಿಯಾನದವರು, ಅಡುಗೆಯವರು, ಬ್ಯಾಂಡಿನವರು ಎಂದು ಓಡಾಟ ಶುರುವಾಗುತ್ತದೆ. ಮಕ್ಕಳಿಗೆ ರಜೆ, ದೂರದ ನೆಂಟರಿಗೂ ಬಿಡುವು. ಹಾಗಾಗಿ ಏಪ್ರಿಲ್, ಮೇ ತಿಂಗಳುಗಳು ಎಲ್ಲರಿಗೂ ಅನುಕೂಲ. ಆದರೆ ನಮ್ಮ ನಾಡಿನಲ್ಲಿ ಗುಡುಗು ಸಿಡಿಲಿನ ಮಳೆಗೂ ಅದೇ ಕಾಲ.

ಹಸಿ ಅಕ್ಕಿ ತಿನ್ನುವ ಹುಡುಗಿಗೆ ಮನೆಯ ಹಿರಿಯರು ಹೇಳುವ ಮಾತೊಂದಿದೆ: ‘ಅಕ್ಕಿ ತಿನ್ನಬೇಡ, ನಿನ್ನ ಮದುವೆಯ ದಿನ ಮಳೆ ಬರುತ್ತದೆ.’ ಹೇಳುವವರು ನಗುತ್ತಾ ಹೇಳುತ್ತಾರೆ, ಕೇಳುವವರೂ ನಗುತ್ತಾರೆ. ಆದರೆ ಸಾಲ ಮಾಡಿ ಮಾಡಿಸಿದ ಊಟ ಮಳೆಯಲ್ಲಿ ನೆಂದು, ಬಂದ ನೆಂಟರು ಕುಳಿತುಕೊಳ್ಳಲು ಜಾಗವಿಲ್ಲದೆ ನಿಂತಾಗ, ಅದೇ ಮಾತು ತಮಾಷೆಯಾಗಿ ಉಳಿಯುವುದಿಲ್ಲ. ‘ಈ ಹುಡುಗಿ ಕಾಲಿಟ್ಟ ಗಳಿಗೆ ಸರಿಯಿಲ್ಲ’ ಎಂದು ಯಾರೋ ಒಬ್ಬರು ಆಡಿದರೆ ಸಾಕು, ಹೊಸ ಸೊಸೆ ತಾನು ಮಾಡದ ತಪ್ಪಿನ ಹೊರೆಯನ್ನು ವರ್ಷಗಟ್ಟಲೆ ಹೊರಬೇಕಾಗುತ್ತದೆ. ಆದ್ದರಿಂದ ಮಳೆಯ ಬಗ್ಗೆ ನಮ್ಮ ವಿಶ್ವಾಸ ಏನು ಹೇಳುತ್ತದೆ, ಮಳೆಗಾಗಿ ನಾವು ಮಾಡಿಕೊಳ್ಳಬೇಕಾದ ಸಿದ್ಧತೆ ಏನು ಎಂಬ ಎರಡು ವಿಷಯಗಳನ್ನು ಇಲ್ಲಿ ನೋಡೋಣ.

ಮಳೆ ಶಕುನವಲ್ಲ

ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಒಂದೇ ರೀತಿ ಮಳೆ ಸುರಿಸುತ್ತಾರೆಂದು ಪ್ರಭು ಯೇಸು ಬೋಧಿಸಿದರು (ಮತ್ತಾಯ 5:45). ಪವಿತ್ರ ಗ್ರಂಥದಲ್ಲಿ ಮಳೆ ಹೆಚ್ಚಾಗಿ ಆಶೀರ್ವಾದವೇ. ಬರಗಾಲದ ನಂತರ ಕಾರ್ಮೆಲ್ ಬೆಟ್ಟದ ಮೇಲೆ ಪ್ರವಾದಿ ಎಲೀಯನು ಮೊಣಕಾಲೂರಿ ಕಾದದ್ದು ಮಳೆಗಾಗಿಯೇ. ನಮ್ಮಲ್ಲೂ ಮದುವೆಯ ಚಪ್ಪರವನ್ನು ನೆನೆಸುವ ಬೇಸಿಗೆಯ ಮಳೆಯೇ ಕೊಡಗು, ಚಿಕ್ಕಮಗಳೂರಿನ ಕಾಫಿ ಗಿಡಗಳಿಗೆ ಹೂಮಳೆ. ಅದು ಬಾರದ ವರ್ಷ ಅಲ್ಲಿನ ಬೆಳೆಗಾರನೂ ಕೂಲಿಯವನೂ ಕಷ್ಟಪಡುತ್ತಾರೆ. ಹೀಗಿರುವಾಗ ಮದುವೆಯ ದಿನದ ಮಳೆಯಲ್ಲಿ ವಧುವಿನ ಗುಣವನ್ನಾಗಲಿ, ದಂಪತಿಯ ಭವಿಷ್ಯವನ್ನಾಗಲಿ ಓದುವುದು ಮೂಢನಂಬಿಕೆ. ದೀಕ್ಷಾಸ್ನಾನ ಪಡೆದ ನಮಗೆ ಅದು ಸಲ್ಲದು.

ಸಂಸ್ಕಾರಕ್ಕೆ ಸೂರು ಇದೆ

ತೋಟದಲ್ಲೋ ಕಡಲ ದಂಡೆಯಲ್ಲೋ ಮದುವೆಯಾಗಬೇಕೆಂಬ ಆಸೆ ಈಚೆಗೆ ನಮ್ಮ ಯುವಜನರಲ್ಲಿಯೂ ಕಾಣುತ್ತದೆ. ಧರ್ಮಸಭೆಯ ನಿಯಮ ಸ್ಪಷ್ಟವಾಗಿದೆ. ಕಥೋಲಿಕರ ವಿವಾಹ ನಡೆಯಬೇಕಾದದ್ದು ಧರ್ಮಕೇಂದ್ರದ ದೇವಾಲಯದಲ್ಲಿ. ಬೇರೆ ಯೋಗ್ಯ ಸ್ಥಳದಲ್ಲಿ ನಡೆಸಲು ಧರ್ಮಾಧ್ಯಕ್ಷರ ಅನುಮತಿ ಬೇಕು (ಧರ್ಮಸಭೆಯ ಕಾನೂನು ಸಂಹಿತೆ, 1118). ಇದನ್ನು ಅಡ್ಡಿಯೆಂದು ಭಾವಿಸಬಾರದು. ಹೊರಗೆ ಎಷ್ಟೇ ಬಿರುಗಾಳಿ ಇದ್ದರೂ ಪವಿತ್ರ ಪೀಠದ ಮುಂದೆ ಕೊಡುವ ಮಾತಿಗೆ ಒಂದು ಸೂರು ಇರುತ್ತದೆ.

ಇನ್ನೂ ಒಂದು ವಿಷಯ. ಕರೆದ ನಾನೂರು ಮಂದಿಯಲ್ಲಿ ಮುನ್ನೂರು ಮಂದಿ ಮಳೆಯಿಂದ ಬರಲಾಗದಿದ್ದರೂ ಮದುವೆ ಅಪೂರ್ಣವಾಗುವುದಿಲ್ಲ. ವರ, ವಧು, ಸಂಸ್ಕಾರವನ್ನು ನಡೆಸಿಕೊಡುವ ಗುರು ಅಥವಾ ಧರ್ಮಸೇವಕ, ಇಬ್ಬರು ಸಾಕ್ಷಿಗಳು, ಹೀಗೆ ಐದು ಜನರ ನಡುವೆ ಸಂಸ್ಕಾರ ಸಂಪೂರ್ಣ (1108). ಉಳಿದದ್ದು ನಮ್ಮ ಸಂತೋಷ, ನಮ್ಮ ಆತಿಥ್ಯ. ಮಳೆಗೆ ಸಿಕ್ಕುವುದು ಈ ಆತಿಥ್ಯ. ಸಿದ್ಧತೆ ಬೇಕಾದದ್ದೂ ಅದಕ್ಕೇ.

ಯಾವ ಹೊತ್ತು ಒಳ್ಳೆಯದು?

ಬೇಸಿಗೆಯಲ್ಲಿ ನೆಲ ಕಾದು, ಬಿಸಿಯಾದ ತೇವದ ಗಾಳಿ ಮೇಲೇರಿ ಗುಡುಗಿನ ಮೋಡಗಳಾಗುತ್ತವೆ. ಆದ್ದರಿಂದ ಈ ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ನಂತರ, ಸಂಜೆಯ ವೇಳೆಗೆ. ಬೆಳಗಿನ ಪೂಜೆ, ಮಧ್ಯಾಹ್ನದ ಊಟ ಎಂದು ಇಟ್ಟುಕೊಂಡವರು ಸಂಜೆಯ ಪೂಜೆ, ರಾತ್ರಿಯ ಊಟ ಇಟ್ಟುಕೊಂಡವರಿಗಿಂತ ನಿಶ್ಚಿಂತೆಯಿಂದಿರಬಹುದು. ಕರಾವಳಿಯಲ್ಲಿ ಮದುವೆಯ ಹಿಂದಿನ ಸಂಜೆ ಅಂಗಳದ ಚಪ್ಪರದಲ್ಲಿ ನಡೆಯುವ ರೋಸ್ ಶಾಸ್ತ್ರಕ್ಕೂ ಈ ಎಚ್ಚರ ಬೇಕು.

ಮೇ ತಿಂಗಳ ಕೊನೆಯ ವಾರಗಳನ್ನು ನಂಬುವಂತಿಲ್ಲ. ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳ ತಲುಪುತ್ತದೆ. 2025ರಲ್ಲಿ ಅದು ಮೇ 24ರಂದೇ ತಲುಪಿತು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಅಲುಗಿಸಿತು. ಕ್ರಿಸ್ತ ಜಯಂತಿಯ ಆಸುಪಾಸಿನ ಮದುವೆಗಳಿಗೂ ಪೂರ್ಣ ಭರವಸೆ ಇಲ್ಲ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿಯ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ಪ್ರಭಾವದಿಂದ ಡಿಸೆಂಬರ್ ಮೊದಲ ದಿನಗಳಲ್ಲಿ ನಮ್ಮ ರಾಜ್ಯದಲ್ಲೂ ಜೋರು ಮಳೆಯಾಯಿತು.

ಭಾರತೀಯ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆಯನ್ನು ಮದುವೆಗೆ ಐದು ದಿನ ಇರುವಾಗಿನಿಂದ ದಿನವೂ ನೋಡಬೇಕು. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ. ಒಂದು ದಿನದಲ್ಲಿ 64.5 ಮಿಲಿಮೀಟರ್‌ಗೆ ಮೀರಿದ ಮಳೆಯನ್ನು ಇಲಾಖೆ ಭಾರಿ ಮಳೆ ಎನ್ನುತ್ತದೆ. ಅಂತಹ ಮುನ್ಸೂಚನೆ ಇದ್ದರೆ ಬಯಲಿನ ಏರ್ಪಾಡನ್ನು ಕೈಬಿಡುವುದೇ ವಿವೇಕ.

ಶಾಮಿಯಾನದ ಲೆಕ್ಕ

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. 30 ಅಡಿ ಉದ್ದ, 20 ಅಡಿ ಅಗಲದ ಶಾಮಿಯಾನದ ಹರವು ಸುಮಾರು 56 ಚದರ ಮೀಟರ್. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಬೀಳುವ ನೀರು ಸುಮಾರು 1,100 ಲೀಟರ್, ಅಂದರೆ ಒಂದು ಟನ್ನಿಗೂ ಹೆಚ್ಚು ತೂಕ. ಬಟ್ಟೆ ಸಮತಟ್ಟಾಗಿದ್ದರೆ ಈ ನೀರು ನಡುವೆ ಹೊಟ್ಟೆಯಂತೆ ಜೋತುಬಿದ್ದು ಕಂಬಗಳನ್ನು ಒಳಕ್ಕೆ ಎಳೆಯುತ್ತದೆ. ಆದ್ದರಿಂದ ಬಾಡಿಗೆ ಮಾತನಾಡುವಾಗಲೇ ಎರಡೂ ಕಡೆಗೆ ಇಳಿಜಾರಾದ ಮಾಡು, ನೀರು ಇಳಿಯದ ಹೊದಿಕೆ, ನೀರು ಹರಿದುಹೋಗಲು ಸುತ್ತ ಕಾಲುವೆ ಬೇಕೆಂದು ಹೇಳಿಬಿಡಬೇಕು.

ಮಳೆಗಿಂತ ಮೊದಲು ಬರುವುದು ಗಾಳಿ. ಸುತ್ತಲೂ ಕಟ್ಟಿದ ಪರದೆಗಳು ಆಗ ದೋಣಿಯ ಹಾಯಿಯಂತೆ ಗಾಳಿಯನ್ನು ಹಿಡಿಯುತ್ತವೆ. ಗಾಳಿ ಏಳುತ್ತಿದ್ದಂತೆ ಪರದೆಗಳನ್ನು ಬಿಚ್ಚಬೇಕು, ವೇದಿಕೆಯ ಹಿಂದಿನ ಎತ್ತರದ ಅಲಂಕಾರದ ಹಲಗೆಗಳಿಂದ ಜನರನ್ನು ದೂರ ಕಳುಹಿಸಬೇಕು. ಜೋರಾದ ಗಾಳಿಯಲ್ಲಿ ಕಂಬ ಹಿಡಿದು ನಿಲ್ಲುವಂತೆ ಯಾರಿಗೂ ಹೇಳಬಾರದು. ಬಟ್ಟೆ ಹರಿದರೆ ಹೊಲಿಯಬಹುದು. ಹಗ್ಗ ಹಿಡಿದು ನಿಂತಿರುವ ಕೂಲಿಯ ಹುಡುಗನೂ ಒಂದು ಮನೆಯ ಮಗ.

ಸಿಡಿಲಿನ ಎಚ್ಚರಿಕೆ

ಶಾಮಿಯಾನವಾಗಲಿ, ಒಂಟಿ ಮರವಾಗಲಿ ಸಿಡಿಲಿನಿಂದ ರಕ್ಷಣೆ ಕೊಡುವುದಿಲ್ಲ. ಮಿಂಚು ಕಂಡ ಮೇಲೆ 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದು ತಿಳಿಯಬೇಕು. ಕೂಡಲೇ ಎಲ್ಲರೂ ದೇವಾಲಯ, ಸಭಾಂಗಣ ಅಥವಾ ಶಾಲೆಯ ಕಟ್ಟಡದೊಳಗೆ ಹೋಗಬೇಕು. ಗಾಜು ಮುಚ್ಚಿದ ಕಾರು, ಬಸ್ಸು ಕೂಡ ಸುರಕ್ಷಿತ. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವ ತನಕ ಬಯಲಿಗೆ ಬರಬಾರದು. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸಿಡಿಲಿನ ಮುನ್ನೆಚ್ಚರಿಕೆ ಕೊಡುತ್ತದೆ. ಮನೆಯ ಯುವಕನೊಬ್ಬನಿಗೆ ಅದನ್ನು ನೋಡುತ್ತಿರುವ ಕೆಲಸ ಒಪ್ಪಿಸಬಹುದು.

ದೀಪ ಮತ್ತು ಊಟ

ವಿದ್ಯುತ್ ತಂತಿಗಳ ಕೂಡುಗಂಟುಗಳು ನೆಲದ ಮೇಲಿರಬಾರದು, ಕಬ್ಬಿಣದ ಕಂಬಕ್ಕೆ ಸುತ್ತಿರಲೂಬಾರದು. ಸೋರಿಕೆಯಾದೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ ಹಾಕಿದ್ದಾರೆಯೇ ಎಂದು ದೀಪದವರನ್ನು ಕೇಳಿ ತಿಳಿಯಿರಿ. ಮಳೆ ಬಂತೆಂದು ಜನರೇಟರನ್ನು ಸಭಾಂಗಣದೊಳಗೆ ತರಲೇಬಾರದು. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಡುಗೆಯ ಒಲೆಗಳಿಗೆ ಬೇರೆಯೇ ಗಟ್ಟಿ ಮಾಡು ಬೇಕು. ಮಳೆನೀರು ಬಿದ್ದ ಆಹಾರವನ್ನು ಬಡಿಸಬಾರದು. ಮಳೆಯಿಂದ ಜನ ಕಡಿಮೆಯಾಗಿ ಶುದ್ಧವಾದ ಊಟ ಉಳಿದರೆ ಅದು ಯಾವ ಆಶ್ರಮಕ್ಕೆ, ಯಾವ ಬಡವರ ಕೇರಿಗೆ, ಯಾರ ವಾಹನದಲ್ಲಿ ಬಿಸಿಯಿರುವಾಗಲೇ ತಲುಪಬೇಕೆಂಬುದನ್ನು ಮೊದಲೇ ನಿರ್ಧರಿಸಿಟ್ಟರೆ ಅದೂ ಒಂದು ಆಶೀರ್ವಾದವಾಗುತ್ತದೆ.

ತೀರ್ಮಾನ ಯಾರದು?

ಮಳೆಯ ಹೊತ್ತಿನಲ್ಲಿ ಹತ್ತು ಜನ ಹತ್ತು ಮಾತು ಆಡಿದರೆ ಗೊಂದಲವೇ ಹೆಚ್ಚು. ಎರಡೂ ಕಡೆಯವರು ಕೂಡಿ ಒಬ್ಬರಿಗೆ ಜವಾಬ್ದಾರಿ ಕೊಡಬೇಕು. ಅವರು ವರನ ತಂದೆಯೋ ವಧುವಿನ ತಾಯಿಯೋ ಆಗಿರಬಾರದು. ಅವರಿಗೆ ಅಂದು ಬೇರೆ ನೂರು ಚಿಂತೆ. ಶಾಂತ ಸ್ವಭಾವದ ಚಿಕ್ಕಪ್ಪನೋ ಸೋದರತ್ತೆಯೋ ಸಾಕು. ಧರ್ಮಕೇಂದ್ರದ ಗುರುಗಳೊಡನೆ ಮೊದಲೇ ಮಾತನಾಡಿ ಸಭಾಂಗಣವನ್ನೋ ಶಾಲೆಯ ಜಗುಲಿಯನ್ನೋ ಕೇಳಿಟ್ಟುಕೊಳ್ಳಬೇಕು. ಇಂತಿಷ್ಟು ಗಂಟೆಯೊಳಗೆ ತೀರ್ಮಾನ ಎಂದು ಗೊತ್ತುಪಡಿಸಬೇಕು. ವೃದ್ಧರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಮೊದಲು ಒಳಗೆ ಕರೆದೊಯ್ಯಲು ನಾಲ್ಕು ಯುವಕರು, ನಾಲ್ಕು ದೊಡ್ಡ ಕೊಡೆಗಳು ಇದ್ದರೆ ಒಳ್ಳೆಯದು. ಇದಕ್ಕೆ ಹೆಚ್ಚು ಹಣ ಬೇಡ, ಮುಂದಾಲೋಚನೆ ಬೇಕು.

ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿದಾಗ ಮಾತೆ ಮರಿಯಮ್ಮನವರು ಮಾಡಿದ್ದೇನು? ಯಾರ ತಪ್ಪು ಎಂದು ಅವರು ಕೇಳಲಿಲ್ಲ. ಆ ಮನೆಯವರ ಮಾನ ಹೋಗುವ ಮೊದಲೇ ಕೊರತೆಯನ್ನು ಗಮನಿಸಿದರು, ತಮ್ಮ ಪುತ್ರನಿಗೆ ತಿಳಿಸಿದರು, ಸೇವಕರನ್ನು ಸಿದ್ಧಗೊಳಿಸಿದರು (ಯೊವಾನ್ನ 2:1-11). ಮೇ ತಿಂಗಳು ಅವರಿಗೆ ಅರ್ಪಿತವಾದ ತಿಂಗಳು. ಮಳೆ ಬಂದ ಮದುವೆಮನೆಯಲ್ಲಿ ನಾವೂ ಹಾಗೆಯೇ ನಡೆದುಕೊಳ್ಳಬೇಕು. ಆ ಹೊತ್ತಿನಲ್ಲಿ ಅತ್ತೆಯಾದವರು ಒದ್ದೆಯಾದ ಸೊಸೆಯ ತಲೆಯನ್ನು ತಮ್ಮ ಸೆರಗಿನಿಂದ ಒರೆಸಿದರೆ, ಅಕ್ಕಿಯ ಮಾತು, ಗಳಿಗೆಯ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ವಿವಾಹದ ಪೂಜೆಯಲ್ಲಿ ಓದಲು ಧರ್ಮಸಭೆ ಸೂಚಿಸಿರುವ ಶುಭಸಂದೇಶಗಳಲ್ಲಿ ಬಂಡೆಯ ಮೇಲೆ ಕಟ್ಟಿದ ಮನೆಯ ಸಾಮತಿಯೂ ಒಂದು (ಮತ್ತಾಯ 7:21, 24-29). ಜಾಣನ ಮನೆಗೆ ಮಳೆ ಬರಲಿಲ್ಲವೆಂದು ಪ್ರಭು ಹೇಳಲಿಲ್ಲ. ಮಳೆ, ನೆರೆ, ಬಿರುಗಾಳಿ ಎರಡೂ ಮನೆಗಳಿಗೆ ಬಂದವು. ಒಂದು ನಿಂತಿತು, ಏಕೆಂದರೆ ಅದರ ಅಡಿಪಾಯವನ್ನು ಮಳೆಗೆ ಮುಂಚೆಯೇ ಹಾಕಲಾಗಿತ್ತು. ಮುಂದೆ ರೋಗ, ಸಾಲ, ಕೆಲಸದ ನಷ್ಟ, ಮನಸ್ತಾಪಗಳು ಪ್ರತಿಯೊಂದು ಸಂಸಾರಕ್ಕೂ ಬರುತ್ತವೆ. ಒಬ್ಬರನ್ನೊಬ್ಬರು ದೂಷಿಸದೆ, ಒಂದೇ ಕೊಡೆಯ ಕೆಳಗೆ ನಿಂತು, ಮುಂದೇನು ಎಂದು ಕೇಳುವುದನ್ನು ಮದುವೆಯ ದಿನವೇ ಕಲಿತ ದಂಪತಿ ಧನ್ಯರು.

ಈ ಪಾಸ್ಖ ಕಾಲದಲ್ಲಿ ವಿವಾಹ ಸಂಸ್ಕಾರ ಪಡೆಯಲಿರುವ ಎಲ್ಲ ಜೋಡಿಗಳನ್ನು ಪುನರುತ್ಥಾನಿ ಪ್ರಭು ಆಶೀರ್ವದಿಸಲಿ. ಬಿಸಿಲಿನಲ್ಲೂ ಮಳೆಯಲ್ಲೂ ಅವರ ಮನೆಬಾಗಿಲು ಅತಿಥಿಗಳಿಗೂ ಬಡವರಿಗೂ ತೆರೆದಿರಲಿ. ಆಮೆನ್.