ದರ್ಬೆಯಲ್ಲಿ ರೊಟ್ಟಿ ಬಡಿದ ಸದ್ದು

‘ಮಾಷ್ಟ್ರೆ, ಮೇಲೆ ಎಂತ ಬಡಿಯುವುದು ನೀವು? ಮೊಳೆಯಾ?’

ದರ್ಬೆಯ ಬಾಡಿಗೆಮನೆಗೆ ಬಂದ ಮೊದಲ ವಾರ ಕೆಳಮನೆಯ ಬಾಯಮ್ಮ ಮೆಟ್ಟಿಲು ಹತ್ತಿ ಬಂದು ಕೇಳಿದ್ದು ಹೀಗೆ. ಮೊಳೆಯಲ್ಲ, ನಾನು ಬಡಿಯುತ್ತಿದ್ದದ್ದು ಜೋಳದ ರೊಟ್ಟಿ. ನಮ್ಮ ಗದಗ ಕಡೆ ಬೆಳಗಾಯಿತು ಅನ್ನುವುದಕ್ಕೆ ಕೋಳಿಯ ಕೂಗಿಗಿಂತ ಈ ಸಪ್ಪಳವೇ ಖಾತ್ರಿ. ಅವರು ಹಿಟ್ಟು ಮೆತ್ತಿದ ನನ್ನ ಕೈಯನ್ನೂ ತವೆಯ ಮೇಲಿನ ರೊಟ್ಟಿಯನ್ನೂ ನೋಡಿ, ‘ಗಂಡಸರು ಇಷ್ಟೆಲ್ಲ ಮಾಡ್ತಾರಾ ಅಲ್ಲಿ’ ಎಂದರು. ಸಂಜೆ ಒಂದು ಪಾತ್ರೆಯಲ್ಲಿ ಬಿಸಿಬಿಸಿ ಪುಂಡಿ ಕಳಿಸುತ್ತೇನೆ ಎಂದಾಗ ನನಗೆ ಬಾಯಲ್ಲಿ ನೀರು. ಪುಂಡಿಪಲ್ಯ ತಿಂದು ತಿಂಗಳಾಗಿತ್ತು. ಮುಚ್ಚಳ ತೆಗೆದರೆ ಹುಳಿ ಸೊಪ್ಪಿನ ಸುಳಿವೇ ಇಲ್ಲ, ಹಬೆಯಲ್ಲಿ ಬೆಂದ ಬೆಳ್ಳನೆಯ ಅಕ್ಕಿಯ ಉಂಡೆಗಳು. ಒಂದೇ ಕನ್ನಡ ನಾಡಿನೊಳಗೆ ಪರದೇಶಿಯಾಗುವುದು ಎಷ್ಟು ಸುಲಭ ಎಂದು ಅವತ್ತು ಗೊತ್ತಾಯಿತು.

ದಕ್ಷಿಣ ಕನ್ನಡದ ಪುತ್ತೂರು ಪೇಟೆಯ ಒಂದು ತುದಿ ಬೊಳುವಾರು, ಇನ್ನೊಂದು ತುದಿ ದರ್ಬೆ. ಹೆಸರು ಕೇಳಿದವರಿಗೆ ಪೂಜೆಯ ಹುಲ್ಲು ನೆನಪಾಗಬಹುದು; ವೃತ್ತದಲ್ಲಿ ಕಾಣುವುದು ರಿಕ್ಷಾ, ಬಸ್ಸು, ಕಾಲೇಜು ಮಕ್ಕಳು. ಇಲ್ಲಿಂದ ಒಂದು ರಸ್ತೆ ಸುಳ್ಯ, ಮಡಿಕೇರಿ ದಾಟಿ ಮೈಸೂರಿಗೆ ಹೋದರೆ, ಇನ್ನೊಂದು ಸವಣೂರು, ಕಾಣಿಯೂರು ಹಾದು ಸುಬ್ರಹ್ಮಣ್ಯಕ್ಕೆ. ದರ್ಬೆಯನ್ನು ‘ನೋಡಲು’ ಯಾರೂ ಬರುವುದಿಲ್ಲ. ಓದಲು ಬರುತ್ತಾರೆ, ಕೆಲಸಕ್ಕೆ ಬರುತ್ತಾರೆ, ಬಸ್ಸು ಬದಲಿಸಲು ಬರುತ್ತಾರೆ. 1958ರಲ್ಲಿ ಶುರುವಾದ ಸಂತ ಫಿಲೋಮಿನಾ ಕಾಲೇಜು ಇಲ್ಲಿರುವುದರಿಂದ ಬಾಡಿಗೆ ಕೋಣೆಗಳಿಗೆ ಬರವಿಲ್ಲ. ಒಂದೊಂದು ಕೋಣೆಯಲ್ಲಿ ಒಂದೊಂದು ಊರಿನ ಒಗ್ಗರಣೆ.

ನನ್ನ ಒಗ್ಗರಣೆ ಮೊದಲ ಮಳೆಗಾಲದಲ್ಲೇ ಸೋತಿತು. ಗದಗದಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು. ಇಲ್ಲಿ ಅದರ ಐದಾರು ಪಟ್ಟು. ಊರಿಂದ ತಂದ ಜೋಳದ ಹಿಟ್ಟಿಗೆ ಜುಲೈಯಲ್ಲಿ ಬೂಷ್ಟು ಬಂತು. ಅರಿವೆಯಲ್ಲಿ ಸುತ್ತಿಟ್ಟ ಖಡಕ್ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗಿ ಮಡಚಿದರೂ ಮುರಿಯದಂತಾಯಿತು. ಖಡಕ್ ಎಂಬ ಮಾತಿಗೇ ಅವಮಾನ. ಬೇರೆ ದಾರಿಯಿಲ್ಲದೆ ಕುಚ್ಚಲಕ್ಕಿಗೆ ಶರಣಾದೆ. ಗಂಜಿ ಎಂದರೆ ನಮ್ಮಲ್ಲಿ ಜ್ವರ ಬಂದವರ ಊಟ. ಇಲ್ಲಿ ಗಟ್ಟಿಮುಟ್ಟಾದವರು ಬೆಳಗ್ಗೆ ಎದ್ದು ಗಂಜಿಯ ಬಟ್ಟಲಿಗೆ ಮಾವಿನ ಮಿಡಿ ನೆಂಚಿಕೊಂಡು ತೋಟಕ್ಕೆ ಇಳಿಯುತ್ತಾರೆ. ಕುಚ್ಚಲಕ್ಕಿ ಬೇಯಲು ತಾಳ್ಮೆ ಬೇಕು, ಅಗಿಯಲು ಹಲ್ಲು ಬೇಕು. ಎರಡನ್ನೂ ಆರು ತಿಂಗಳಲ್ಲಿ ಕಲಿತೆ.

ಕಲಿಸಿದ್ದು ತುಳುವರ ಮಳೆಗಾಲದ ಆಟಿ ತಿಂಗಳು. ಹೊರಗೆ ಹೊಗೆಯಂತೆ ಮಳೆ, ಪೇಟೆಯ ತರಕಾರಿ ಯಾರಿಗೂ ಬೇಡ. ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಭರಣಿಯಿಂದ ಹೊರಬರುತ್ತದೆ, ಗುಡ್ಡದಿಂದ ಕಣಿಲೆ, ಅಂದರೆ ಎಳೆ ಬಿದಿರು, ಬರುತ್ತದೆ, ಕೆಸುವಿನ ಎಲೆ ಪತ್ರೊಡೆಯಾಗುತ್ತದೆ. ಕಣಿಲೆಯನ್ನು ಹೆಚ್ಚಿ ನೀರಲ್ಲಿ ಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ, ಎರಡು ಮೂರು ದಿನ ಬಿಟ್ಟರೇ ಅದರ ಕಹಿ, ನಂಜು ಹೋಗುವುದು. ಇದು ಗೊತ್ತಿಲ್ಲದೆ ತಂದ ದಿನವೇ ಒಲೆಗೆ ಇಟ್ಟಿದ್ದೆ. ಎದುರುಮನೆಯ ಭಟ್ಟರು ವಾಸನೆ ಹಿಡಿದೇ ಓಡಿ ಬಂದು ಪಾತ್ರೆ ಇಳಿಸಿದರು. ಆಟಿ ಅಮಾವಾಸ್ಯೆಯ ಬೆಳಗ್ಗೆ ಕಷಾಯದ ಲೋಟ ಹಿಡಿದು ಬಾಗಿಲಲ್ಲಿ ನಿಂತವರೂ ಅವರೇ. ಬೆಳಕು ಹರಿಯುವ ಮೊದಲು, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೆಗೆದ ಹಾಳೆ ಮರದ ತೊಗಟೆಯ ರಸ. ಕಹಿ ಎಂಬ ಶಬ್ದ ಅದಕ್ಕೆ ಸಾಲದು. ‘ಕುಡೀರಿ ಮಾರಾಯ್ರೆ, ಮತ್ತೆ ಮೆಂತೆ ಗಂಜಿ ಉಂಟು’ ಎಂದು ಗದರಿಸಿದರು. ಕುಡಿದೆ. ಗಂಜಿ ಆ ದಿನ ನಿಜಕ್ಕೂ ಅಮೃತ.

ಮಳೆ ಸ್ವಲ್ಪ ತೆರವಾದಾಗ ಸೆಪ್ಟೆಂಬರ್ 8ರ ಮೊಂತಿ ಹಬ್ಬ. ಪುತ್ತೂರಿನ ಮಾಯ್ ದೆ ದೇವುಸ್ ಚರ್ಚು 1830ರದ್ದು. ಪೋರ್ಚುಗೀಸರ ಆ ಹೆಸರಿಗೆ ದೇವರ ತಾಯಿ ಎಂದರ್ಥ. ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ಹಿಡಿದು ಹೋಗುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ಬರುತ್ತದೆ. ಬಾಯಮ್ಮ ಅದರ ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು, ಬಾಡಿಗೆಯವನಾದ ನನಗೂ. ಮೀನು, ಮಾಂಸಕ್ಕೆ ಅವತ್ತು ರಜೆ. ಬಾಳೆಲೆಯ ಮೇಲೆ ತರಕಾರಿಯ ಪದಾರ್ಥಗಳು, ಅವೂ ಮೂರು, ಐದು, ಏಳು ಎಂದು ಬೆಸ ಲೆಕ್ಕದಲ್ಲೇ ಇರಬೇಕು. ನಾನು ಎಣಿಸಿದೆ. ಏಳಿದ್ದವು. ತುಳುವರ ಮನೆಗಳಲ್ಲಿ ತೆನೆ ಕಟ್ಟುವುದು, ಹೊಸ ಅಕ್ಕಿಯ ಪುದ್ದಾರ್ ಊಟ ನಡೆಯುವುದೂ ಬೆಳೆ ಬರುವ ಹೊತ್ತಿಗೇ. ಬೇರೆ ಬೇರೆ ದೇವರಿಗೆ ಒಂದೇ ಗದ್ದೆಯ ಭತ್ತ.

ಪುತ್ತೂರಿನ ಹೆಸರಿನ ಕತೆಯಲ್ಲೂ ಅನ್ನ ಉಂಟು. ಮಹಾಲಿಂಗೇಶ್ವರ ದೇವಸ್ಥಾನದ ಕೆರೆ ತೋಡಿದಾಗ ನೀರೇ ಬರಲಿಲ್ಲವಂತೆ. ಕೆರೆಯ ತಳದಲ್ಲೇ ಎಲೆ ಹಾಕಿ ಊಟ ಬಡಿಸಿದಾಗ ಬುಗ್ಗೆ ಒಡೆಯಿತು, ಉಣ್ಣುತ್ತಿದ್ದವರು ಎದ್ದು ಓಡಿದರು, ಎಲೆಯಲ್ಲಿ ಉಳಿದ ಅಗುಳುಗಳು ಮುತ್ತಾದವು, ಮುತ್ತೂರು ಪುತ್ತೂರಾಯಿತು. ಸ್ಥಳಪುರಾಣಗಳಲ್ಲಿ ಇಷ್ಟು ರುಚಿಯಾದದ್ದು ನಾನು ಬೇರೆ ಕೇಳಿಲ್ಲ. ಏಪ್ರಿಲ್ 10ಕ್ಕೆ ಆ ದೇವಸ್ಥಾನದಲ್ಲಿ ಜಾತ್ರೆಯ ಕೊಡಿ, ಅಂದರೆ ಧ್ವಜ, ಏರಿದರೆ ಊರಿಗೇ ಜ್ವರ ಬಂದ ಹಾಗೆ. ದೇವರು ಪೇಟೆ ಸವಾರಿ ಹೊರಟು ಕಟ್ಟೆ ಕಟ್ಟೆಯಲ್ಲಿ ಪೂಜೆ ಪಡೆಯುತ್ತಾರೆ. 17ರ ರಾತ್ರಿ ಬ್ರಹ್ಮರಥ ಮತ್ತು ಬೆಡಿ. ಪಟಾಕಿ ಎಂದರೆ ಇಲ್ಲಿಯವರು ಬೇಸರಪಡುತ್ತಾರೆ, ಅದು ಬೆಡಿ. ಮರುದಿನ ಅವಭೃತಕ್ಕೆ ದೇವರು ವೀರಮಂಗಲದ ಕುಮಾರಧಾರೆಗೆ ಹೊರಡುತ್ತಾರೆ. ಜಾತ್ರೆಗದ್ದೆಯಲ್ಲಿ ನಾನು ಕಂಡುಕೊಂಡ ನೆಂಟ ಮಂಡಕ್ಕಿಯ ಚರುಂಬುರಿ. ತೆಂಗಿನೆಣ್ಣೆ ಹಾಕುತ್ತಾರೆ ಎಂಬುದೊಂದು ಬಿಟ್ಟರೆ ನಮ್ಮ ಗಿರ್ಮಿಟ್ಟಿನ ತಂಗಿಯೇ. ಕಲ್ಲಂಗಡಿಯನ್ನು ಬಚ್ಚಂಗಾಯಿ ಎನ್ನದಿದ್ದರೆ ಅಂಗಡಿಯವರು ಒಮ್ಮೆ ಮುಖ ನೋಡುತ್ತಾರೆ.

ನಾನೊಬ್ಬನೇ ಹೊರಗಿನವನೇನಲ್ಲ. ದರ್ಬೆಯ ಅಂಚೆ ವಿಳಾಸದಲ್ಲೇ ಇರುವ ಗೋಡಂಬಿ ಸಂಶೋಧನಾ ನಿರ್ದೇಶನಾಲಯದ ಬೆಳೆ, ಅಂದರೆ ಇಲ್ಲಿಯವರ ಬಾಯಿಯ ‘ಬೀಜ’, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬ್ರೆಜಿಲಿನಿಂದ ಬಂದದ್ದು. ಈಗ ಎಳೆ ಬೀಜ ಹಾಕದ ತೊಂಡೆಕಾಯಿ ಪಲ್ಯ ಮದುವೆಮನೆಯಲ್ಲಿ ಪಲ್ಯವೇ ಅಲ್ಲ. ಅಡಿಕೆ ತೋಟದ ನೆರಳಲ್ಲಿ ಬೆಳೆಯುವ ಕೊಕ್ಕೋ ಕೂಡ ಅಮೆರಿಕ ಖಂಡದ್ದು. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ 1986ರಲ್ಲಿ ಹತ್ತಿರದ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಕೊಕ್ಕೋ ಬೀಜವನ್ನು ಒತ್ತಿ ಬೆಣ್ಣೆ ಬೇರೆ, ಪುಡಿ ಬೇರೆ ಮಾಡುವ ವಿಧಾನಕ್ಕೆ 1828ರಲ್ಲಿ ಪೇಟೆಂಟ್ ಪಡೆದದ್ದು ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಹೌಟೆನ್ ಮನೆತನ.

ಈ ಡಚ್ಚರ ಮಾತು ಬಾಯಮ್ಮನ ಮನೆಯಲ್ಲಿ ದಿನಾ ಬರುತ್ತದೆ. ಅವರ ಮಗ ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದಲ್ಲಿದ್ದಾನೆ. ನನಗೆ ಇಲ್ಲಿ ಜೋಳದ ಚಿಂತೆಯಾದರೆ ಅವನಿಗೆ ಅಲ್ಲಿ ಕುಚ್ಚಲಕ್ಕಿಯದ್ದು. ರಜೆ ಮುಗಿಸಿ ಹೋಗುವಾಗ ಅವನ ಪೆಟ್ಟಿಗೆಯ ಅರ್ಧ ಭಾಗ ಹಲಸಿನ ಹಪ್ಪಳ. ಏಪ್ರಿಲ್ 27ಕ್ಕೆ ಅಲ್ಲಿ ರಾಜನ ಹುಟ್ಟುಹಬ್ಬ. ಜನರೆಲ್ಲ ಕಿತ್ತಳೆ ಬಣ್ಣ ತೊಟ್ಟು ಬೀದಿಯಲ್ಲೇ ಮನೆಯ ಹಳೆ ಸಾಮಾನು ಹರಡಿ ಮಾರುತ್ತಾರಂತೆ. ವಿಡಿಯೊದಲ್ಲಿ ನೋಡಿದ ಬಾಯಮ್ಮನ ತೀರ್ಪು: ‘ಜಾತ್ರೆಯೇ. ದೇವರು ಮಾತ್ರ ಇಲ್ಲ.’ ವರ್ಷದ ಕೊನೆಯ ರಾತ್ರಿ ಅಲ್ಲಿ ತಿನ್ನುವ ಒಲಿಬೋಲನ್ ಎಂಬ, ಒಣದ್ರಾಕ್ಷಿ ಹಾಕಿ ಕರಿದು ಸಕ್ಕರೆ ಉದುರಿಸಿದ ಉಂಡೆಯನ್ನು ಅವರು ‘ನಮ್ಮ ಬನ್ಸಿನ ಜಾತಿಯದ್ದು’ ಎಂದು ಒಳಗೆ ಸೇರಿಸಿಕೊಂಡುಬಿಟ್ಟರು.

ಆದರೆ ಹಾಲೆಂಡಿನ ಗುರುತು ಅವರ ಅಡುಗೆಮನೆಯಲ್ಲಿ ಮೊದಲೇ ಇತ್ತು, ಮೊಳೆಗೆ ತೂಗುಹಾಕಿದ ಕಬ್ಬಿಣದ ಅಚ್ಚಿನ ರೂಪದಲ್ಲಿ. ಕ್ರಿಸ್‌ಮಸ್ಸಿಗೆ ಹಂಚುವ ಬಗೆಬಗೆಯ ತಿಂಡಿಗಳ ಕುಸ್ವಾರಿಗೆ ಅದರಲ್ಲಿ ಮಾಡುವ ಹೂವಿನಾಕಾರದ ತಿಂಡಿ ಕೊಕ್ಕಿಸಾಂ. ಕೇರಳದಲ್ಲಿ ಅದೇ ಅಚ್ಚಪ್ಪಂ, ಶ್ರೀಲಂಕಾದಲ್ಲಿ ಕೊಕಿಸ್. ಆ ಹೆಸರು ಬಂದದ್ದು ಬಿಸ್ಕತ್ತಿಗೆ ಡಚ್ಚರು ಹೇಳುವ ‘ಕೂಕ್ಯೆಸ್’ ಎಂಬುದರಿಂದ ಎನ್ನುತ್ತಾರೆ. ಸಿಂಹಳದ ಕರಾವಳಿಯನ್ನು ಅವರು 1658ರಿಂದ 1796ರವರೆಗೆ ಆಳಿದವರು. ನಮ್ಮ ಬಸರೂರಿಗೂ ಕೆಳದಿ ಅರಸರ ಕಾಲದಲ್ಲಿ ಅಕ್ಕಿ, ಕಾಳುಮೆಣಸು ಹುಡುಕಿಕೊಂಡು ಬಂದಿದ್ದರು. ಅಕ್ಕಿಹಿಟ್ಟು, ತೆಂಗಿನ ಹಾಲು, ಮೊಟ್ಟೆ, ಸಕ್ಕರೆ, ಒಂದಿಷ್ಟು ಎಳ್ಳು. ಅಚ್ಚು ಚೆನ್ನಾಗಿ ಕಾಯದಿದ್ದರೆ ಹಿಟ್ಟು ಹಿಡಿಯುವುದಿಲ್ಲ. ಪೂರ್ತಿ ಮುಳುಗಿಸಿದರೆ ಮೇಲಿನಿಂದಲೂ ಮುಚ್ಚಿಕೊಂಡು ಬಿಡುವುದೇ ಇಲ್ಲ. ಮುಕ್ಕಾಲು ಅದ್ದಿ, ಎಣ್ಣೆಯಲ್ಲಿ ಹಿಡಿದು, ಮಣಿಕಟ್ಟನ್ನು ಒಮ್ಮೆ ಕೊಡವಬೇಕು. ನಾನು ಮಾಡಿದ ಮೊದಲ ಹತ್ತರಲ್ಲಿ ಎಂಟು ಚೂರು. ‘ರೊಟ್ಟಿ ಬಡಿದ ಕೈ ಅಲ್ವಾ, ಬಲ ಹೆಚ್ಚು’ ಎಂದು ಚೂರುಗಳನ್ನು ಡಬ್ಬಿಗೆ ತುಂಬಿದರು.

ಹಬ್ಬದ ದಿನ ಕುಸ್ವಾರಿನ ತಟ್ಟೆ ನನಗೂ ಬಂತು, ಭಟ್ಟರ ಮನೆಗೂ ಹೋಯಿತು. ಬಂದ ತಟ್ಟೆಯನ್ನು ಬರಿದಾಗಿ ಹಿಂತಿರುಗಿಸುವುದು ನಮ್ಮಲ್ಲೂ ಇಲ್ಲ, ಇಲ್ಲಿಯೂ ಇಲ್ಲ. ಮೂರು ವಾರ ಕಾದೆ. ಸಂಕ್ರಾಂತಿಗೆ ಊರಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಬಂದವು. ಜನವರಿಯ ಒಣಹವೆಯಲ್ಲಿ ರೊಟ್ಟಿ ಖಡಕ್ಕಾಗಿಯೇ ಉಳಿದಿತ್ತು. ಅವರ ತಟ್ಟೆಯಲ್ಲೇ ಜೋಡಿಸಿ ಕೊಟ್ಟು ಬಂದೆ.

ರಾತ್ರಿ ಕೆಳಗಿಳಿದಾಗ ಊಟ ನಡೆದಿತ್ತು. ರೊಟ್ಟಿಯನ್ನು ಚೂರು ಚೂರು ಮಾಡಿ ತಟ್ಟೆಗೆ ಹಾಕಿ, ಮೇಲಿಂದ ಬಂಗುಡೆಯ ಕೆಂಪು ಗಸಿ ಹೊಯ್ದು, ಅದು ನೆನೆಯಲಿ ಎಂದು ಬಾಯಮ್ಮ ಕಾಯುತ್ತಿದ್ದರು, ಥೇಟ್ ಕೋಳಿಗಸಿಯಲ್ಲಿ ನೆನೆಯುವ ಕೋರಿ ರೊಟ್ಟಿಗೆ ಕಾಯುವ ಹಾಗೆ. ನನ್ನ ಮುಖ ನೋಡಿ ಕೇಳಿದರು:

‘ಎಂತ ಮಾಷ್ಟ್ರೆ, ಇದನ್ನು ಹೀಗೇ ತಿನ್ನುವುದಲ್ವಾ?’