ಜೆಟ್ಟಿಂಗ್ ಗಾಡಿಗೂ ಜೆಟ್ ವಿಮಾನಕ್ಕೂ ಏನು ನಂಟು?

ಪ್ರಶ್ನೆ: ಒಳಚರಂಡಿ ಕಟ್ಟಿಕೊಂಡಾಗ ಬಿಡಿಸಲು ಬರುವ ಗಾಡಿಗೆ ‘ಜೆಟ್ಟಿಂಗ್ ಮಷಿನ್’ ಅಂತಾರೆ. ಹಾರುವ ಜೆಟ್ಟಿಗೂ ಇದಕ್ಕೂ ಏನಾದರೂ ಸಂಬಂಧ ಉಂಟೇ?
— ಓದುಗರೊಬ್ಬರು, ಶಕ್ತಿನಗರ

ಉತ್ತರ: ಉಂಟು. ಅಷ್ಟೇ ಅಲ್ಲ, ಹೆಸರಿನ ಹಿರಿತನ ಗಾಡಿ ಚಿಮ್ಮಿಸುವ ನೀರಿನದೇ! ಲ್ಯಾಟಿನ್ ಭಾಷೆಯಲ್ಲಿ ‘ಯಾಕೆರೆ’ ಎಂದರೆ ಎಸೆ. ಅದರ ಮಗ್ಗುಲಿನ ‘ಯಾಕ್ಟಾರೆ’ ಫ್ರೆಂಚಿನಲ್ಲಿ ‘ಜೆತೇ’ ಆಯಿತು. ಅಲ್ಲಿಂದ ಇಂಗ್ಲಿಷಿಗೆ ಬಂದ ‘ಜೆಟ್’, ಕಿರಿದಾದ ಬಾಯಿಂದ ರಭಸವಾಗಿ ಚಿಮ್ಮುವ ನೀರಿನ ಹೆಸರಾಯಿತು. ಗಾಡಿಯ ಪೈಪು ಮಾಡುವುದೂ ಅದನ್ನೇ. ವಿಮಾನದ ಸರದಿ ಬಂದದ್ದು ಬಹಳ ತಡವಾಗಿ. ಮೊದಲ ಜೆಟ್ ವಿಮಾನ ಹಾರಿದ್ದು 1939ರಲ್ಲಿ, ಜರ್ಮನಿಯಲ್ಲಿ. ಬಿಸಿ ಅನಿಲವನ್ನು ಹಿಂದಕ್ಕೆ ಚಿಮ್ಮಿಸಿ ಮುಂದಕ್ಕೆ ನುಗ್ಗುವುದರಿಂದ ಅದಕ್ಕೂ ಅದೇ ಹೆಸರು. ಡಾಕ್ಟರ ಇಂಜೆಕ್ಷನ್, ಟಾಕೀಸಿನ ಪ್ರೊಜೆಕ್ಟರ್, ಬ್ಯಾಂಕಿನವರು ರಿಜೆಕ್ಟ್ ಮಾಡುವ ಅರ್ಜಿ, ಬಂದರಿನ ಜೆಟ್ಟಿ ಎಲ್ಲವೂ ಈ ‘ಎಸೆ’ ಧಾತುವಿನ ಸಂತಾನವೇ.

ಆದರೆ ಕಡುಗಪ್ಪಿಗೆ ಹೇಳುವ ‘ಜೆಟ್ ಬ್ಲ್ಯಾಕ್’ ಮಾತ್ರ ಈ ಮನೆತನದ್ದಲ್ಲ. ಕೃಷ್ಣೆಯ ದಂಡೆಯ ಶಾಖೋತ್ಪನ್ನ ಸ್ಥಾವರದ ಪಕ್ಕದಲ್ಲೇ ಇರುವ ನಿಮಗೆ ಇದು ಹೆಚ್ಚು ಹಿಡಿಸೀತು: ಆ ಜೆಟ್ ಕಲ್ಲಿದ್ದಲ ಜಾತಿಯ ಒಂದು ಕಪ್ಪು ವಸ್ತು. ಮರವೇ ಕೋಟ್ಯಂತರ ವರ್ಷ ಮಣ್ಣಿನಡಿ ಒತ್ತಿಹೋಗಿ ಹಾಗಾದದ್ದು. ಉಜ್ಜಿದರೆ ಮಿರಮಿರ ಮಿಂಚುತ್ತದೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸಾವಿನ ಸೂತಕಕ್ಕೆ ಇಂಗ್ಲೆಂಡಿನ ಹೆಂಗಸರು ಇದರ ಒಡವೆ ತೊಡುತ್ತಿದ್ದರು. ಈ ಹೆಸರಿನ ಮೂಲ ಈಗಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿದ್ದ ‘ಗಾಗಾಸ್’ ಎಂಬ ಊರು. ಗ್ರೀಕರ ‘ಗಗಾಟೆಸ್’ ಫ್ರೆಂಚರ ಬಾಯಲ್ಲಿ ಸವೆದೂ ಸವೆದೂ ಜೆಟ್ ಆಯಿತು.